ಸೆನ್ಯೋರಾ ಕೇಳಿದ ಸಂಬಂಧ

ಕಳೆದ ವಾರ ದೋಹಾದ ವೆಸ್ಟ್ ಬೇಯಲ್ಲಿ ನಮ್ಮ ಆಫೀಸಿನ ಲಿಫ್ಟಿಗೆ ಒಬ್ಬ ತಾಯಿ ಪುಟ್ಟ ಮಗುವನ್ನು ಎತ್ತಿಕೊಂಡು ಬಂದಳು. ಆಗಷ್ಟೇ ತಲೆ ಬಾಚಿದ ಮಗು. ಅದರ ಕೂದಲಿನಿಂದ ಕಿತ್ತಳೆ ಹೂವಿನ ಕೊಲೋನ್ ಘಮ್ಮೆಂದಿತು. ಅಷ್ಟೇ ನೋಡಿ, ನನ್ನ ಮಹಡಿ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ನಾನು ಮಾತ್ರ ಕಂಬದ ಹಾಗೆ ಅಲ್ಲೇ ನಿಂತಿದ್ದೆ... ಪಕ್ಕದಲ್ಲಿದ್ದ ಸಹೋದ್ಯೋಗಿ ಮೈಯಲ್ಲಿ ಹುಷಾರಿಲ್ಲವಾ ಎಂದು ಕೇಳಿದರು. ತಲೆಯಾಡಿಸಿ ಇನ್ನೂ ಮೇಲಿನ ಮಹಡಿಗೆ ಹೋಗಿ, ಮೆಟ್ಟಿಲಿಳಿದು ಬಂದೆ.

ಸ್ಪೇನಿನಲ್ಲಿ ಮಕ್ಕಳಿಗೆ ಸ್ನಾನ ಮಾಡಿಸಿದ ಮೇಲೆ ಈ ಕೊಲೋನನ್ನು ಧಾರಾಳವಾಗಿ ಸುರಿಯುತ್ತಾರೆ. ನಾನು ಅದನ್ನು ಮೊದಲು ಮೂಸಿದ್ದು ಮಾತ್ರ ಯಾವ ಮಗುವಿನ ತಲೆಯಲ್ಲೂ ಅಲ್ಲ, ಒಂದು ದಿಂಬಿನಲ್ಲಿ. ಆ ದಿಂಬಿನ ಮನೆಯೊಡತಿಯನ್ನು ನಾನು ಸೆನ್ಯೋರಾ ಎಂದೇ ಕರೆಯುತ್ತಿದ್ದೆ. ನಮ್ಮಲ್ಲಿ ಹಿರಿಯ ಹೆಂಗಸರಿಗೆ ‘ಅಮ್ಮಾ’ ಎಂದ ಹಾಗೆ ಅದು.

ತೊಂಬತ್ತರ ದಶಕದ ಮಾತು. ಅಪ್ಪ ದೋಹಾದ ಒಂದು ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಉಮ್ಮ್ ಸಲಾಲ್‌ನಲ್ಲಿ ಹಳೆಯ ವಿಲ್ಲಾವೊಂದರ ಹಿಂಭಾಗ ನಮಗೆ ಬಾಡಿಗೆಗೆ ಸಿಕ್ಕಿತ್ತು. ಕತಾರಿನಲ್ಲಿ ಆಗ ಗ್ಯಾಸಿನದ್ದೇ ಸುದ್ದಿ. ಎಲ್ಲೆಲ್ಲಿಯ ದೇಶದವರೋ ಬಂದು ಇಳಿಯುತ್ತಿದ್ದರು. ಅಪ್ಪನ ಮ್ಯಾನೇಜರ್ ಸ್ಪೇನಿನವನು. ಒಂದು ದಿನ ಅವನು, ನಿನ್ನ ಮಗಳು ಸುಮ್ಮನೆ ಮನೆಯಲ್ಲಿ ಕೂರುವ ಬದಲು ನಮ್ಮೂರಿನ ಯೂನಿವರ್ಸಿಟಿಯಲ್ಲಿ ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುವ ಒಂದು ವರ್ಷದ ಕೋರ್ಸಿದೆ, ಅದನ್ನು ಮಾಡಿಕೊಂಡು ಬರಲಿ, ಇಲ್ಲಿ ಅನುವಾದಕರಿಗೆ ಕೆಲಸ ಉಂಟು, ಅಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದ. ಅಪ್ಪನಿಗೆ ಮ್ಯಾನೇಜರ್ ಹೇಳಿದ ಮೇಲೆ ಮುಗಿಯಿತು, ಖಲಾಸ್. ಅಮ್ಮ ಮೂರು ದಿನ ಮುಖ ಊದಿಸಿಕೊಂಡಿದ್ದು, ನಾಲ್ಕನೆಯ ದಿನ ಉಪ್ಪಿನಕಾಯಿ ಕಟ್ಟಲು ಶುರುಮಾಡಿದಳು.

ಆ ಊರಿನ ಮೊದಲ ರಾತ್ರಿ ಮರೆಯುವ ಹಾಗೇ ಇಲ್ಲ. ಅಡುಗೆಮನೆಯಲ್ಲಿ ಇಡೀ ಒಂದು ಹಂದಿಯ ಕಾಲು, ಗೊರಸು ಸಮೇತ, ಕೊಕ್ಕೆಗೆ ನೇತಾಡುತ್ತಿತ್ತು! ಕತಾರಿನಲ್ಲಿ ಬೆಳೆದ ನಾನು ಹಂದಿ ಎನ್ನುವ ಪ್ರಾಣಿಯ ಚಿತ್ರವನ್ನೂ ಸರಿಯಾಗಿ ನೋಡಿರಲಿಲ್ಲ. ಕಿಟಾರನೆ ಕಿರುಚಿದೆ. ಮ್ಯಾನೇಜರನ ಆ ಅತ್ತೆಯೇ ಸೆನ್ಯೋರಾ, ನನಗಿಂತ ಜೋರಾಗಿ ಕಿರುಚಿದಳು. ಆಮೇಲೆ ಗೊತ್ತಾಯಿತು, ಅದು ಅವಳು ಮಾತಾಡುವ ರೀತಿಯೇ ಎಂದು. ‘ಊಟಕ್ಕೆ ಬಾ’ ಎಂದರೂ ಮನೆಗೆ ಬೆಂಕಿ ಬಿದ್ದ ಹಾಗೆ ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಆ ಕಾಲಿಗೆ ಒಂದು ಬಿಳಿ ಬಟ್ಟೆ ಸುತ್ತಿಟ್ಟಿದ್ದಳು. ನಾನಿದ್ದ ವರ್ಷವಿಡೀ ಅದು ಹಾಗೇ ಮುಸುಕು ಹಾಕಿಕೊಂಡಿತ್ತು.

ವಿಧವೆ. ಗುಂಡಗಿನ ಮೈ, ಸಣ್ಣ ಕಣ್ಣು, ಗಂಡಸರ ಚಪ್ಪಲಿ. ಬೆಳಿಗ್ಗೆ ನಾನು ಯೂನಿವರ್ಸಿಟಿಗೆ ಹೊರಟರೆ ಬಾಲ್ಕನಿಯಿಂದ ಬೀದಿಗೆಲ್ಲ ಕೇಳುವ ಹಾಗೆ ‘ಕೋಟು ಹಾಕಿದೆಯಾ?’ ಎಂದು ಕೂಗುವಳು. ತರಗತಿಯಲ್ಲಿ ಜಪಾನಿನವರು, ಜರ್ಮನಿಯವರು, ಮೊರಾಕ್ಕೋದವರು. ನಮಗೆ ಪಾಠ ಹೇಳುತ್ತಿದ್ದ ಪ್ರೊಫೆಸರ್ ತುಟಿಯಲ್ಲಿ ಸಿಗರೇಟು ಇಟ್ಟುಕೊಂಡೇ ಕ್ರಿಯಾಪದ ಬರೆಸುತ್ತಿದ್ದ. ಅಲ್ಲಿ ಕಲಿತದ್ದು ಅಷ್ಟಕ್ಕಷ್ಟೇ. ನಿಜವಾದ ಸ್ಪ್ಯಾನಿಷ್ ಕಲಿತದ್ದು ಸೆನ್ಯೋರಾಳ ಊಟದ ಮೇಜಿನಲ್ಲಿ. ನಾನು ದಿನದ ಪಾಠವನ್ನು ಗಟ್ಟಿಯಾಗಿ ಓದಬೇಕು, ತಪ್ಪಿದರೆ ಅವಳು ಚಮಚದಿಂದ ಮೇಜಿಗೆ ಟಕ್ ಎಂದು ಬಡಿಯುವಳು. ಆ ಟಕ್‌ಗೆ ಹೆದರಿ ಕಲಿತ ಭಾಷೆಯೇ ಇವತ್ತಿಗೂ ನನ್ನ ಅನ್ನ.

ನನಗೆ ಕೊಟ್ಟ ಕೋಣೆಯಲ್ಲಿ ಮಂಚ ಚಿಕ್ಕದು. ಕಾಲು ಹೊರಗೆ ಬರುತ್ತಿತ್ತು. ದಿಂಬಿಗೆ ವಾರಕ್ಕೊಮ್ಮೆ ಆ ಕೊಲೋನ್ ಚಿಮುಕಿಸುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ.

ಅಕ್ಟೋಬರ್ ಕೊನೆಯ ದಿನ ಮಧ್ಯಾಹ್ನ ಕ್ಲಾಸು ಮುಗಿಸಿ ಬರುವಾಗ ಚೌಕದ ತುಂಬ ಸೇವಂತಿಗೆ! ಹಳದಿ, ಬಿಳಿ, ನೇರಳೆ... ಬಕೆಟ್ಟುಗಳಲ್ಲಿ ರಾಶಿ ರಾಶಿ. ದೋಹಾದಲ್ಲಿ ಸೇವಂತಿಗೆ ಕಾಣಬೇಕಾದರೆ ಯಾರಾದರೂ ಊರಿನಿಂದ ವಿಮಾನದಲ್ಲಿ ತರಬೇಕಿತ್ತು. ನನಗೆ ಹಬ್ಬವೇ ಆಯಿತು. ನಾಲ್ಕು ಹೂ ಕೊಂಡು, ಅಲ್ಲೇ ಜಡೆಗೆ ಸಿಕ್ಕಿಸಿಕೊಂಡು, ರಾಣಿಯ ಹಾಗೆ ಮನೆಗೆ ಬಂದೆ. ದಾರಿಯಲ್ಲಿ ಜನ ನೋಡಿದ್ದೇ ನೋಡಿದ್ದು. ಚೆಂದ ಕಾಣುತ್ತಿದ್ದೇನೆ ಅಂದುಕೊಂಡೆ, ಮಂಡೆ ಸಮ ಇಲ್ಲದವಳು.

ಬಾಗಿಲು ತೆರೆದ ಸೆನ್ಯೋರಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಈ ಸಲ ಕೂಗಲಿಲ್ಲ. ಆ ಮನೆಯಲ್ಲಿ ಅವಳು ಕೂಗದೆ ಇದ್ದದ್ದೇ ನನಗೆ ದೊಡ್ಡ ಹೆದರಿಕೆ. ನನ್ನ ಜಡೆಯ ಹೂಗಳನ್ನು ಒಂದೊಂದಾಗಿ ತೆಗೆದಳು. ಅದು ಸತ್ತವರ ಹೂವು, ಹುಡುಗಿ, ಎಂದಳು. ನಾಳೆ ಎಲ್ಲರೂ ಸಮಾಧಿಗೆ ಹೋಗುವ ದಿನ, ನನ್ನ ಮಗಳಿಗೆ ಕೊಂಡುಹೋಗುವ ಹೂವು.

ಆರು ವರ್ಷದ ಮಗುವಂತೆ, ಮಿದುಳು ಜ್ವರವಂತೆ. ನಾನು ಬಂದಂದಿನಿಂದ ಕಾಲು ಹೊರಚಾಚಿ ಮಲಗಿದ್ದು ಅದರ ಮಂಚದಲ್ಲಿ. ನನಗೂ ಒಬ್ಬ ಅಣ್ಣ ಇದ್ದ, ನಾನು ಹುಟ್ಟುವ ಮೊದಲೇ ಜ್ವರದಲ್ಲಿ ಹೋದ, ಅವನಿಗೆ ನಾಲ್ಕು ವರ್ಷವಾಗಿತ್ತು ಎಂದೆ. ಅವಳು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ತುಂಬ ಹೊತ್ತು ನಿಂತಿದ್ದಳು. ಆಮೇಲೆ ಆ ಮಾತು ನಮ್ಮ ನಡುವೆ ಬರಲಿಲ್ಲ. ಮರುದಿನ ಅವಳೊಬ್ಬಳೇ ಹೋಗಿ ಬಂದಳು.

ನಾನು ಪರೀಕ್ಷೆ ಮುಗಿಸಿ ದೋಹಾಕ್ಕೆ ಮರಳಿದೆ. ಕೆಲಸ ಸಿಕ್ಕಿತು. ಅಮ್ಮನಿಗೆ ಈಗ ಒಂದೇ ಜಪ, ನನ್ನ ಮದುವೆ. ಬಂದ ಸಂಬಂಧಗಳೆಲ್ಲ ಏನೇನೋ ನೆಪದಲ್ಲಿ ಮುರಿದು ಬಿದ್ದವು. ಅಮ್ಮ ಊರಿನಲ್ಲಿ ಪ್ರಶ್ನೆ ಇಡಿಸಿದಳು. ಜೋಯಿಸರು ಹೇಳಿದ್ದು ಇಷ್ಟು, ಹಿರಿಯವನಿಗೆ ಮದುವೆ ಮಾಡಿಸದೆ ಕಿರಿಯವಳಿಗೆ ಹೇಗೆ ಆಗುತ್ತದೆ?

ಗೊತ್ತಿಲ್ಲದವರಿಗಾಗಿ ಹೇಳಬೇಕು. ನಮ್ಮ ತುಳುವರ ಕೆಲವು ಮನೆಗಳಲ್ಲಿ ತೀರಿಕೊಂಡ ಮಕ್ಕಳು ತೀರಿಕೊಂಡ ವಯಸ್ಸಿಗೇ ನಿಂತುಬಿಡುವುದಿಲ್ಲ. ಅವರೂ ವರ್ಷ ವರ್ಷ ಬೆಳೆಯುತ್ತಾರೆ, ಮದುವೆಯ ವಯಸ್ಸಿಗೆ ಬರುತ್ತಾರೆ. ಆಗ ಅಂಥದೇ ತೀರಿಕೊಂಡ ಹೆಣ್ಣನ್ನು ಹುಡುಕಿ, ಸೀರೆ, ಕರಿಮಣಿ, ದಿಬ್ಬಣ, ಊಟ ಎಲ್ಲ ಇಟ್ಟು ಮದುವೆ ಮಾಡಿಸಬೇಕು. ಕುಲೆ ಮದಿಮೆ, ಅಂದರೆ ಪ್ರೇತದ ಮದುವೆ, ಎನ್ನುತ್ತಾರೆ. ಎರಡು ಮನೆಯವರು ಆಮೇಲೆ ನಿಜವಾಗಿಯೂ ಬೀಗರೇ. ಜಾತಿಯೂ ಒಂದೇ ಇರಬೇಕು, ಬರಿ, ಅಂದರೆ ತಾಯಿ ಕಡೆಯಿಂದ ಬರುವ ಗೋತ್ರ, ಬೇರೆ ಇರಬೇಕು, ಅದರಲ್ಲಿ ಬದುಕಿದವರಿಗಿಂತ ಕಟ್ಟುನಿಟ್ಟು. ಊರಿನಲ್ಲಿ ದೊಡ್ಡ ಮಾವ, ಅಂದರೆ ಅಮ್ಮನ ಅಣ್ಣ, ಎರಡು ವರ್ಷದಿಂದ ನನ್ನ ಅಣ್ಣನಿಗೆ ಹೆಣ್ಣು ಹುಡುಕುತ್ತಲೇ ಇದ್ದರು. ಸಿಕ್ಕಿರಲಿಲ್ಲ. ಅಮ್ಮನಿಗೆ ನಿದ್ದೆ ಇರಲಿಲ್ಲ. ನನ್ನ ಮದುವೆಗಿಂತ ಹೆಚ್ಚಾಗಿ, ಮಗ ಎಲ್ಲೋ ಒಬ್ಬನೇ ಕಾಯುತ್ತಿದ್ದಾನೆ ಎನ್ನುವುದೇ ಅವಳನ್ನು ತಿನ್ನುತ್ತಿತ್ತು.

ಹೀಗಿರುವಾಗ ಸೆನ್ಯೋರಾ ತನ್ನ ಸೋದರಳಿಯ ಮ್ಯಾನೇಜರನನ್ನು ನೋಡಲು ದೋಹಾಕ್ಕೆ ಬಂದಳು. ಅಪ್ಪ ಹಿಗ್ಗಿ ಊಟಕ್ಕೆ ಕರೆದರು. ಅಮ್ಮ ನೀರುದೋಸೆ, ಕೋಳಿ ಸಾರು, ಹುರಿದ ಅಂಜಲ್ ಮೀನು ಎಲ್ಲ ಮಾಡಿದಳು. ಸೆನ್ಯೋರಾ ದೋಸೆಯನ್ನು ಕರವಸ್ತ್ರದ ಹಾಗೆ ಬಿಡಿಸಿ ನೋಡಿ, ಮಡಿಸಿ, ನಕ್ಕು, ತಿಂದಳು. ನಾನು ನಡುವೆ ಕೂತು ಆ ಕಡೆಯದು ಈ ಕಡೆಗೆ, ಈ ಕಡೆಯದು ಆ ಕಡೆಗೆ ಹೇಳುತ್ತಿದ್ದೆ. ಮನೆಯಲ್ಲಿ ನಮ್ಮದು ತುಳು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಅಮ್ಮ ಸಾರು ಬಡಿಸುತ್ತಾ, ‘ಕೇಳು ಮಗಾ, ಇವರ ಮಗಳಿಗೆ ಮದುವೆ ಆಯ್ತಾ?’ ಎಂದಳು.

ಅಮ್ಮನಿಗೆ ಮರೆತಿದೆ ಅಂದುಕೊಂಡೆ. ‘ಅಮ್ಮಾ, ಆ ಮಗು ತೀರಿಕೊಂಡದ್ದು. ನಾನು ಹೇಳಿದ್ದೆ ಅಲ್ವಾ?’

‘ಗೊತ್ತುಂಟು ಮಾರಾಯ್ತಿ. ಅದಕ್ಕೇ ಕೇಳಿದ್ದು. ಇಷ್ಟೊತ್ತಿಗೆ ಇಪ್ಪತ್ತೈದು ದಾಟಿರಬೇಕು. ಇನ್ನೂ ಮಾಡಿಸಲಿಲ್ಲವಾ ಹೇಗೆ?’

ಅಪ್ಪನ ಕೈಯ ತುತ್ತು ಕೈಯಲ್ಲೇ. ಸೆನ್ಯೋರಾ ನಮ್ಮ ಮೂವರ ಮುಖ ನೋಡಿದಳು. ಏನಂತೆ, ಎಂದಳು. ಏನಿಲ್ಲ, ಸಾರು ಬೇಕಾ ಅಂತೆ, ಎಂದೆ. ಅವಳು ಚಮಚದಿಂದ ಮೇಜಿಗೆ ಟಕ್ ಎಂದು ಬಡಿದಳು. ಸುಳ್ಳು ಹೇಳಬೇಡ ಎಂದು ಅರ್ಥ. ಅತ್ತ ದರಿ, ಇತ್ತ ಪುಲಿ. ಹೇಳಿದೆ. ಕಣ್ಣು ಮುಚ್ಚಿಕೊಂಡು, ಒಂದೊಂದು ಪದವಾಗಿ, ನಮ್ಮ ಪದ್ಧತಿಯನ್ನೂ ಸೇರಿಸಿ ಹೇಳಿದೆ.

ಸೆನ್ಯೋರಾ ಮೆಲ್ಲನೆ ಎದ್ದಳು. ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗಿನಿಂದ ನಲ್ಲಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ...

ಅಪ್ಪ ಹಲ್ಲು ಕಚ್ಚಿಕೊಂಡು ಅಮ್ಮನ ಮೇಲೆ ಬಿದ್ದರು. ‘ನಿನಗೆ ಮಂಡೆ ಸಮ ಉಂಟಾ? ಮ್ಯಾನೇಜರನ ಅತ್ತೆ ಅವರು! ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯ್ತು. ನಾಳೆ ವೀಸಾ ಕ್ಯಾನ್ಸಲ್ ಮಾಡಿ ಯಲ್ಲಾ, ನಡೀರಿ ಅಂತ ಕಳಿಸಿದರೆ ಎಂತ ಮಾಡ್ತೀ?’

ಅಮ್ಮನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ‘ಮಕ್ಕಳ ಮದುವೆ ಕೇಳಿದರೆ ತಪ್ಪಾ?’ ಎಂದು ನನ್ನನ್ನೇ ಕೇಳಿದಳು.

ಸೆನ್ಯೋರಾ ಹೊರಗೆ ಬಂದಾಗ ಮುಖ ತೊಳೆದಿದ್ದಳು, ಕಣ್ಣು ಕೆಂಪಾಗಿತ್ತು. ನೇರ ಅಮ್ಮನ ಎದುರು ನಿಂತು ಒಂದು ಪ್ರಶ್ನೆ ಕೇಳಿದಳು. ಅದನ್ನು ತುಳುವಿಗೆ ತಂದೆ. ಅವಳು ಕೇಳಿದ್ದು ಇಷ್ಟೇ, ನನ್ನ ಮಗಳು ಈಗ ಎಷ್ಟು ಎತ್ತರ ಇರಬಹುದು?

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ನಿಮಗಿಂತ ಚೂರು ಹೆಚ್ಚು. ಈಗಿನ ಮಕ್ಕಳು ಉದ್ದ ಬೆಳೀತಾರೆ’ ಎಂದಳು.

ಸೆನ್ಯೋರಾ ತನ್ನ ತಲೆಯ ಮೇಲೆ ಗಾಳಿಯಲ್ಲಿ ಕೈಯಿಟ್ಟು ನೋಡಿಕೊಂಡಳು. ಇಷ್ಟಾ? ಇಷ್ಟು, ಎಂದು ಅಮ್ಮ ಅವಳ ಕೈಯನ್ನು ಸ್ವಲ್ಪ ಮೇಲೆ ಎತ್ತಿದಳು. ಇಪ್ಪತ್ತು ವರ್ಷ ಆರು ವರ್ಷದವಳಾಗಿಯೇ ಉಳಿದಿದ್ದ ಮಗು ನಮ್ಮ ಊಟದ ಕೋಣೆಯಲ್ಲಿ ಸರ್ರನೆ ಬೆಳೆದು ನಿಂತಿತು. ನಾನು ಅತ್ತುಬಿಟ್ಟೆ. ಅಪ್ಪನೂ ಗೋಡೆಯ ಕಡೆ ತಿರುಗಿದರು.

ಮೂರನೆಯ ದಿನ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಒಬ್ಬಳೇ ಬಂದಿಳಿದಳು. ನಿಮ್ಮ ಮಗನ ಬಗ್ಗೆ ಹೇಳಿ ಎಂದಳು. ಅಮ್ಮ ಶುರುಮಾಡಿದಳು. ಅವನ ಹೆಸರು, ಅವನ ಹಟ, ಬಿಸಿಗಂಜಿಗೆ ತುಪ್ಪ ಹಾಕದಿದ್ದರೆ ಮುಟ್ಟದೆ ಇದ್ದದ್ದು, ಯಾರನ್ನು ಕಂಡರೂ ಹೋಗಿ ಕೈ ಹಿಡಿಯುತ್ತಿದ್ದದ್ದು... ನನಗೇ ಗೊತ್ತಿಲ್ಲದ್ದು ಎಷ್ಟೊಂದು! ಅಮ್ಮ ನನಗೆ ಯಾವತ್ತೂ ಅವನ ಬಗ್ಗೆ ಇಷ್ಟು ಹೇಳಿರಲಿಲ್ಲ. ಸೆನ್ಯೋರಾ ಎಲ್ಲ ಕೇಳಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದಳು, ನನ್ನ ಮಗಳನ್ನು ನಿಮ್ಮ ಮನೆಗೆ ತಂದುಕೊಳ್ಳುತ್ತೀರಾ? ಒಳ್ಳೆಯ ಹುಡುಗಿ, ಸ್ವಲ್ಪ ಬಾಯಿ ಜೋರು. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಪಾದ್ರಿಗೆ ನಾನು ಹೇಳುವುದಿಲ್ಲ, ನೀನೂ ಹೇಳಬೇಡ ಎಂದಳು.

ಈ ಸಲ ಬಾಯಿ ಕಟ್ಟಿದ್ದು ಅಮ್ಮನಿಗೆ. ಕೇಳುವಾಗ ಸಲೀಸಾಗಿ ಕೇಳಿದವಳು, ಸಂಬಂಧ ಮನೆ ಬಾಗಿಲಿಗೇ ಬಂದಾಗ ಬೆವರಿಬಿಟ್ಟಳು. ‘ನೋಡುವಾ, ಊರಿಗೆ ಫೋನ್ ಮಾಡಿ ಕೇಳ್ತೇನೆ’ ಎಂದಳು. ನಮ್ಮದು ಅಳಿಯಸಂತಾನದ ಮನೆ, ಇಂಥದಕ್ಕೆಲ್ಲ ಮಾವನ ಮಾತೇ ಕೊನೆ. ಆ ಸಂಜೆ ಫೋನಿನಲ್ಲಿ ಮಾವನ ದನಿ ಕೋಣೆಯ ಆಚೆಗೂ ಕೇಳುತ್ತಿತ್ತು. ‘ಬದುಕಿದ್ದವರು ಜಾತಿ ಕೆಡಿಸುವುದು ಸಾಲದೂಂತ ಈಗ ಸತ್ತವರೂ ಶುರು ಮಾಡಿದರಾ?’

ಅಮ್ಮ ಫೋನಿಟ್ಟಳು. ಅವಳಿಗೆ ಮನಸ್ಸಿತ್ತು, ನನಗೆ ಗೊತ್ತು. ಆದರೆ ಅಣ್ಣನನ್ನು ಮೀರಿ ಒಂದು ಹುಲ್ಲುಕಡ್ಡಿಯನ್ನೂ ಎತ್ತಿದವಳಲ್ಲ. ಸಂಬಂಧ ಬೇಡವೆಂದು ಹೇಳುವುದಾದರೂ ಎದುರಿಗೆ ಹೋಗಿಯೇ ಹೇಳಬೇಕು ಎಂದಳು. ಸೆನ್ಯೋರಾ ಹೊರಡುವ ಹಿಂದಿನ ದಿನ ಮ್ಯಾನೇಜರನ ಮನೆಗೆ ನನ್ನನ್ನೂ ಕರೆದುಕೊಂಡು ಹೋದಳು. ಸೆನ್ಯೋರಾ ಒಳ್ಳೆಯ ಉಡುಪು ಹಾಕಿ, ಕಿವಿಗೆ ಮುತ್ತು ಸಿಕ್ಕಿಸಿಕೊಂಡು ಕಾಯುತ್ತಿದ್ದಳು. ಅದನ್ನು ಕಂಡು ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಅಮ್ಮ ನಮ್ಮ ಕಡೆ ಎಲ್ಲರೂ ಹೇಳುವ ಮರ್ಯಾದೆಯ ಸುಳ್ಳನ್ನೇ ಹೇಳಿದಳು. ‘ಜಾತಕ ಕೂಡಿ ಬರಲಿಲ್ಲ.’

ಅವಳು ಹುಟ್ಟಿದ ಹೊತ್ತನ್ನು ನಿಮಗೆ ಯಾರು ಹೇಳಿದರು, ಎಂದು ಸೆನ್ಯೋರಾ ಕೇಳಿದಳು.

ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ನಾನೇ ಹೇಳಿದೆ. ಜಾತಿ ಎಂದರೆ ಏನೆಂದು ಆ ಭಾಷೆಯಲ್ಲಿ ವಿವರಿಸುವಾಗ ನನ್ನ ನಾಲಿಗೆಯೇ ನನಗೆ ಅಸಹ್ಯವಾಯಿತು. ಸತ್ತವರಿಗೂ ಉಂಟಾ ಅದು, ಎಂದು ಅವಳು ಎರಡೆರಡು ಸಲ ಕೇಳಿದಳು. ತಮಾಷೆಗಲ್ಲ, ನಿಜವಾಗಿಯೇ ದಂಗಾಗಿ ಕೇಳಿದಳು. ಉಂಟು ಎಂದೆ. ಅವಳು ಕಿವಿಯ ಮುತ್ತನ್ನು ಒಂದು ಸಲ ಮುಟ್ಟಿಕೊಂಡಳು. ಅಳಲೂ ಇಲ್ಲ, ಕೂಗಲೂ ಇಲ್ಲ. ಎದ್ದು ಅಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು, ಬೇಡವೆಂದದ್ದು ನೀವು. ಹುಡುಗ ಏನೂ ಹೇಳಲಿಲ್ಲವಲ್ಲ.

ಅಪ್ಪನ ಕೆಲಸಕ್ಕೆ ಏನೂ ಆಗಲಿಲ್ಲ. ಸೆನ್ಯೋರಾ ಸೋದರಳಿಯನ ಹತ್ತಿರ ಒಂದಕ್ಷರವೂ ಆಡಿರಲಿಲ್ಲ. ಮಾವನಿಗೆ ಮಾತ್ರ ಸರಿಯಾದ ಜಾತಿ, ಸರಿಯಾದ ಬರಿಯ ಹುಡುಗಿ ಸಿಗಲೇ ಇಲ್ಲ. ಹುಡುಕುತ್ತ ಹುಡುಕುತ್ತ ಅವರೇ ಹೋಗಿಬಿಟ್ಟರು. ನಾನು ಆಫೀಸಿನಲ್ಲಿ ಪರಿಚಯವಾದವನನ್ನು ಮದುವೆಯಾದೆ. ಜೋಯಿಸರು ಹೇಳಿದ ಅಡ್ಡಿ ಅದೆಲ್ಲಿ ಹೋಯಿತೋ! ಆದರೆ ಅಮ್ಮನ ನಿದ್ದೆ ಮರಳಿ ಬರಲಿಲ್ಲ. ನನ್ನ ಮದುವೆಯ ಊಟದಲ್ಲೂ ಅವಳು ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು.

ಹೊಸ ವರ್ಷಕ್ಕೆ ಸೆನ್ಯೋರಾಳ ಫೋನ್ ಬರುತ್ತಿತ್ತು. ಕೋಟು ಹಾಕಿಕೊಂಡಿದ್ದೀಯಾ ಎಂದು ದೋಹಾದಲ್ಲಿರುವ ನನ್ನನ್ನು ಕೇಳಿ ಜೋರಾಗಿ ನಗುತ್ತಿದ್ದಳು. ಆ ವಿಷಯ ಎತ್ತಲೇ ಇಲ್ಲ. ಒಂದು ವರ್ಷ ಫೋನ್ ಬರಲಿಲ್ಲ... ಚಳಿಗಾಲದಲ್ಲಿ ಎದೆಯ ಕಾಯಿಲೆಯಿಂದ ಹೋದಳು ಎಂದು ಮ್ಯಾನೇಜರ್ ಹೇಳಿದ. ನಾನು ಆಫೀಸಿನ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ, ಅಮ್ಮನಿಗೆ ತಿಳಿಸಲಿಲ್ಲ.

ಅದೇ ವರ್ಷ ಕಂಪೆನಿಯ ಕೆಲಸಕ್ಕೆ ಮ್ಯಾಡ್ರಿಡ್‌ಗೆ ಹೋದಾಗ ರೈಲು ಹತ್ತಿ ಅವಳ ಊರಿನ ಸ್ಮಶಾನಕ್ಕೆ ಹೋದೆ. ಅಲ್ಲಿ ಹೆಣವನ್ನು ನೆಲದಲ್ಲಿ ಹೂಳುವುದಕ್ಕಿಂತ ಎತ್ತರದ ಗೋಡೆಯ ಗೂಡುಗಳಲ್ಲಿ ಇಡುವುದೇ ಹೆಚ್ಚು. ನಮ್ಮ ದೋಹಾದ ಅಂಚೆ ಕಚೇರಿಯ ಪಿ.ಓ. ಬಾಕ್ಸ್‌ಗಳ ಹಾಗೆ ಸಾಲುಸಾಲು, ಒಂದೊಂದಕ್ಕೂ ಒಂದು ಕಲ್ಲಿನ ಮುಚ್ಚಳ, ಅದರ ಮೇಲೆ ಹೆಸರು. ಕಾವಲುಗಾರ ಸಾಲು ತೋರಿಸಿದ. ಕಲ್ಲಿನ ಮೇಲೆ ಮಗುವಿನ ಹೆಸರಿತ್ತು. ಕೆಳಗೆ ಸೆನ್ಯೋರಾಳ ಹೆಸರು, ಹೊಸದಾಗಿ ಕೆತ್ತಿದ್ದು.

ಮಗುವಿನ ಹೆಸರಿನ ಪಕ್ಕದಲ್ಲಿ ನನ್ನ ಅಣ್ಣನ ಹೆಸರಿತ್ತು.

ಮತ್ತೆ ನೋಡಿದೆ. ಬೆರಳಿಟ್ಟು ಒಂದೊಂದು ಅಕ್ಷರ ಮುಟ್ಟಿದೆ. ಅವನೇ. ಅಲ್ಲೇ ಕೂತುಬಿಟ್ಟೆ. ಕಾವಲುಗಾರ ಹೆದರಿ ನೀರು ತಂದು ಕೊಟ್ಟ. ಆ ಹೆಸರು ಯಾರದು ಎಂದು ಕೇಳಿದೆ, ಅವನ ಬಾಯಲ್ಲೇ ಕೇಳಬೇಕಿತ್ತು ನನಗೆ. ಅದು ಸೆನ್ಯೋರಾಳ ಅಳಿಯ, ಎಂದ. ಭಾರತದ ಹುಡುಗನಂತೆ. ಮದುವೆ ಕತಾರಿನಲ್ಲಿ ಗೊತ್ತಾದದ್ದಂತೆ. ಒಳ್ಳೆಯ ಮನೆತನ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ನೀವು ಅವನಿಗೆ ಏನಾಗಬೇಕು?

‘ತಂಗಿ’ ಎಂದೆ. ಆ ಮಾತನ್ನು ನಾನು ಜೀವನದಲ್ಲಿ ಅದೇ ಮೊದಲು ಹೇಳಿದ್ದು.

ದೋಹಾಕ್ಕೆ ಬಂದವಳೇ ಉಮ್ಮ್ ಸಲಾಲ್‌ಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಒಲೆ ಆರಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು, ಒರೆಸುತ್ತಲೇ ಇದ್ದಳು. ಬಯ್ಯುತ್ತಾಳೋ, ಅಳುತ್ತಾಳೋ, ಕೇಳದೆ ಹೇಗೆ ಕೆತ್ತಿಸಿದಳು ಎನ್ನುತ್ತಾಳೋ ಎಂದು ನಾನು ಕಾದೆ.

‘ಹೆಸರು ಸರಿಯಾಗಿ ಬರೆದಿದ್ದಾಳಾ?’ ಎಂದಳು.

‘ಸರಿಯಾಗಿ ಉಂಟಮ್ಮ.’

‘ಇಬ್ಬರದ್ದೂ ಹತ್ತಿರ ಹತ್ತಿರ ಉಂಟಾ?’

‘ಒಟ್ಟಿಗೇ ಉಂಟು.’

ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತಳು. ‘ಬೀಗಿತ್ತಿ ಹೋದರೂ ಒಂದು ಮಾತು ತಿಳಿಸಲಿಲ್ಲ ನೋಡು ಯಾರೂ’ ಎಂದು ಬಿಕ್ಕಿಬಿಕ್ಕಿ ಅತ್ತಳು. ಆ ರಾತ್ರಿ ಅವಳು ನಿದ್ದೆ ಮಾಡಿದಳಂತೆ. ಅಪ್ಪ ಮರುದಿನ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದರು.

ಈಗ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ಉಮ್ಮ್ ಸಲಾಲ್‌ನ ಆ ಮನೆಯನ್ನು ಕೆಡವಿದ್ದಾರೆ. ನಾನು ದೋಹಾದ ಆಚೆಯ ಅಲ್ ವುಕೈರ್‌ನ ಫ್ಲಾಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಊರಿನಲ್ಲಿ ಅಣ್ಣನನ್ನು ಮಣ್ಣು ಮಾಡಿದ ಜಾಗದ ಮೇಲೆ ಹೆದ್ದಾರಿ ಹಾದುಹೋಗಿದೆ, ಕಳೆದ ಸಲ ಹೋದಾಗ ಗುರುತು ಹಿಡಿಯಲೂ ಆಗಲಿಲ್ಲ. ಅವನದೊಂದು ಫೋಟೋ ಇಲ್ಲ, ಅವನನ್ನು ಎತ್ತಿಕೊಂಡವರು ಯಾರೂ ಉಳಿದಿಲ್ಲ. ನನ್ನ ಅಣ್ಣನಿಗೆ ಈ ಭೂಮಿಯ ಮೇಲೆ ಉಳಿದಿರುವುದು ಹೆಂಡತಿಯ ಮನೆಯೊಂದೇ.